ಮಗಳಿಗೆ ಕಾವಲು, ಮಗನಿಗೆ ವಿನಾಯಿತಿ

2024ರ ಎಸೆಸೆಲ್ಸಿ ಪರೀಕ್ಷೆಯಲ್ಲಿ ರಾಜ್ಯದ ಶೇ. 81.11 ಹುಡುಗಿಯರು ತೇರ್ಗಡೆಯಾದರು. ಹುಡುಗರ ಪ್ರಮಾಣ ಶೇ. 65.90. ಎರಡರ ನಡುವಿನ ಅಂತರ ಶೇ. 15ಕ್ಕಿಂತಲೂ ಹೆಚ್ಚು. ‘ಹುಡುಗಿಯರದ್ದೇ ಮೇಲುಗೈ’ ಎಂಬ ತಲೆಬರಹ ಪ್ರತಿ ವರ್ಷವೂ ಪತ್ರಿಕೆಗಳಲ್ಲಿ ಬರುತ್ತದೆ. ನಾವು ಅದನ್ನು ಓದುತ್ತೇವೆ, ಸಂತೋಷಪಡುತ್ತೇವೆ ಮತ್ತು ಮರೆಯುತ್ತೇವೆ. ಈ ಅಂಕಿಗಳು ಎಲ್ಲ ಸಮುದಾಯಗಳಿಗೂ ಸೇರಿದವು, ನಿಜ. ಆದರೆ ನಮ್ಮ ಸಂಘ-ಸಂಸ್ಥೆಗಳು ಏರ್ಪಡಿಸುವ ಪ್ರತಿಭಾ ಪುರಸ್ಕಾರ ಸಮಾರಂಭಗಳಲ್ಲಿ ಒಂದು ಗಂಟೆ ಕುಳಿತು ನೋಡಿದವರಿಗೆ ಬೇರೆ ಅಂಕಿ-ಅಂಶದ ಅಗತ್ಯವಿಲ್ಲ. ಹುಡುಗಿಯರ ಹೆಸರನ್ನು ಕರೆಯುವಾಗ ವೇದಿಕೆಯ ಮೆಟ್ಟಿಲು ತುಂಬಿರುತ್ತದೆ. ಹುಡುಗರ ಹೆಸರು ಬಂದಾಗ ನಿರೂಪಕರು ಬೇಗನೇ ಪಟ್ಟಿ ಮುಗಿಸುತ್ತಾರೆ. ಆ ಹೊತ್ತಿಗೆ ಹುಡುಗರು ಎಲ್ಲಿರುತ್ತಾರೆ? ಸಭಾಂಗಣದ ಹೊರಗೆ, ಬೈಕುಗಳ ಮೇಲೆ.

ಇದಕ್ಕೆ ನಾವು ಕೊಡುವ ಕಾರಣ ಬಹಳ ಸರಳವಾದುದು. ಹೆಣ್ಣು ಮಕ್ಕಳು ಸ್ವಭಾವತಃ ಶ್ರಮಜೀವಿಗಳು, ಗಂಡು ಮಕ್ಕಳು ಸ್ವಭಾವತಃ ಪೋಕರಿಗಳು. ದೊಡ್ಡವರಾದ ಮೇಲೆ ಸರಿಹೋಗುತ್ತಾರೆ. ಈ ಉತ್ತರ ಹೆತ್ತವರಿಗೆ ಬಹಳ ಅನುಕೂಲಕರ. ಏಕೆಂದರೆ, ಸ್ವಭಾವದ ಮೇಲೆ ಹೊರಿಸಿದ ತಪ್ಪಿಗೆ ಯಾರೂ ಹೊಣೆಗಾರರಾಗಬೇಕಿಲ್ಲ. ಆದರೆ ಒಂದೇ ತಾಯಿಯ ಮಡಿಲಲ್ಲಿ, ಒಂದೇ ಸೂರಿನಡಿಯಲ್ಲಿ, ಒಂದೇ ತಟ್ಟೆಯ ಅನ್ನವುಂಡು ಬೆಳೆದ ಇಬ್ಬರು ಮಕ್ಕಳಲ್ಲಿ ಒಬ್ಬಳು ವೇದಿಕೆಗೂ ಇನ್ನೊಬ್ಬ ಬೈಕಿಗೂ ತಲುಪಿದ್ದು ಹೇಗೆ ಎಂದು ಶೋಧಿಸುವ ಧೈರ್ಯವನ್ನು ನಾವು ತೋರಬೇಕಾಗಿದೆ. ಆ ಶೋಧನೆ ಶಾಲೆಯಿಂದಲ್ಲ, ನಮ್ಮ ಮನೆಯಿಂದಲೇ ಆರಂಭವಾಗಬೇಕು.

ಸಂಜೆಯ ಒಂದು ಸಾಮಾನ್ಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗಳು ಕಾಲೇಜಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಮೂರು ಫೋನ್ ಕರೆಗಳು ಹೋಗುತ್ತವೆ. ಯಾವ ಬಸ್ಸು, ಜೊತೆಗೆ ಯಾರು, ಏಕೆ ತಡ ಎಂಬುದಕ್ಕೆಲ್ಲ ಆಕೆ ಉತ್ತರಿಸಬೇಕು. ಬಂದವಳು ಬುರ್ಖಾ ಕಳಚಿಟ್ಟು ಚಹಾಕ್ಕೆ ನೀರಿಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ತಮ್ಮನ ಶಾಲೆಯ ಚೀಲ ಎತ್ತಿಡುತ್ತಾಳೆ, ಆ ಬಳಿಕ ಪುಸ್ತಕ ತೆರೆಯುತ್ತಾಳೆ. ಅದೇ ಮನೆಯ ಮಗ ಮಗ್ರಿಬ್‌ನ ಬಳಿಕ ಹೊರಟರೆ ರಾತ್ರಿ ಹನ್ನೊಂದಕ್ಕೆ ಮರಳುತ್ತಾನೆ. ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುತ್ತಾನೆ. ಎಲ್ಲಿದ್ದೆ ಎಂದು ಕೇಳಿದರೆ “ಇಲ್ಲೇ ಇದ್ದೆ” ಎನ್ನುತ್ತಾನೆ. ಆ ‘ಇಲ್ಲೇ’ ಎಂಬುದು ಎಲ್ಲಿ ಎಂದು ಯಾರೂ ಮತ್ತೆ ಕೇಳುವುದಿಲ್ಲ. ಕರಾವಳಿಯ ಉಮ್ಮನೂ ಬಯಲುಸೀಮೆಯ ಅಮ್ಮೀಯೂ ಈ ವಿಷಯದಲ್ಲಿ ಒಂದೇ ಮಾತನ್ನಾಡುತ್ತಾರೆ: ಅವನು ಗಂಡು ಹುಡುಗನಲ್ಲವೇ?

ರಮಝಾನ್ ತಿಂಗಳಲ್ಲಿ ಈ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಉಪವಾಸ ಇಬ್ಬರದ್ದೂ ಸಮಾನ. ಆದರೆ ಅಸರ್‌ನಿಂದ ಇಫ್ತಾರ್‌ವರೆಗೆ ಅಡುಗೆಮನೆಯ ಬೆಂಕಿಯ ಮುಂದೆ ನಿಲ್ಲುವುದು ತಾಯಿ ಮತ್ತು ಮಗಳು. ಸಮೋಸ ಬಿಸಿಯಾಗಿದೆಯೇ, ಶರ್ಬತ್ತು ತಂಪಾಗಿದೆಯೇ ಎಂದು ವಿಚಾರಿಸುವುದು ಮಗ. ತರಾವೀಹ್ ಮುಗಿದ ಬಳಿಕ ಸಹರಿಯವರೆಗೆ ಪೇಟೆಯ ಬೀದಿಗಳಲ್ಲಿ ಬೈಕಿನ ಸದ್ದು ಮಾಡುತ್ತಾ ನೆರೆಹೊರೆಯವರ ನಿದ್ದೆ ಕೆಡಿಸುವವರು ಯಾರ ಮಕ್ಕಳು? ಆ ಬಗ್ಗೆ ಖತೀಬರು ಮಿಂಬರ್‌ನಿಂದ ಎಚ್ಚರಿಸಿದಾಗ ನಾವು ತಲೆದೂಗುತ್ತೇವೆ. ಅವರು ಬೇರೆ ಯಾರದೋ ಮಕ್ಕಳ ಬಗ್ಗೆ ಮಾತನಾಡುತ್ತಿದ್ದಾರೆಂದು ಪ್ರತಿಯೊಬ್ಬ ತಂದೆಯೂ ಭಾವಿಸುತ್ತಾನೆ.

ನಾವು ಉತ್ಪ್ರೇಕ್ಷಿಸುತ್ತಿದ್ದೇವೆಂದು ಓದುಗರಿಗೆ ಅನಿಸಬಹುದು. ಅಂಥವರು 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯನ್ನು ಗಮನಿಸಲಿ. ವೇತನವಿಲ್ಲದ ಮನೆಗೆಲಸದಲ್ಲಿ ದಿನವೊಂದರಲ್ಲಿ ಪಾಲ್ಗೊಳ್ಳುವ ಸ್ತ್ರೀಯರು ಶೇ. 81.2 ಆದರೆ ಪುರುಷರು ಶೇ. 26.1 ಮಾತ್ರ. ಹಾಗೆ ಪಾಲ್ಗೊಂಡ ಸ್ತ್ರೀ ದಿನಕ್ಕೆ 299 ನಿಮಿಷಗಳನ್ನು, ಅಂದರೆ ಸುಮಾರು ಐದು ಗಂಟೆಗಳನ್ನು ಅದಕ್ಕೆ ವ್ಯಯಿಸಿದರೆ, ಪುರುಷನ ಪಾಲು 97 ನಿಮಿಷ. ಐದು ವರ್ಷಗಳ ಬಳಿಕ, 2024ರಲ್ಲಿ ಮತ್ತೆ ಇದೇ ಸಮೀಕ್ಷೆ ನಡೆದಾಗ ಅದು 289 ಮತ್ತು 88 ನಿಮಿಷಗಳಾಗಿತ್ತು. ಎಲ್ಲ ಧರ್ಮ-ಜಾತಿಗಳ ಭಾರತೀಯರೂ ಈ ಲೆಕ್ಕದಲ್ಲಿದ್ದಾರೆ. ವಿಶೇಷವೇನೆಂದರೆ, ಈ ಸಮೀಕ್ಷೆ ಆರು ವರ್ಷ ಮೇಲ್ಪಟ್ಟ ಎಲ್ಲರನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಗಂಡು ಮತ್ತು ಹೆಣ್ಣು ಬೇರೆ ಬೇರೆ ದಾರಿ ಹಿಡಿಯುವುದು ಮದುವೆಯ ಬಳಿಕವಲ್ಲ. ಹಾಲು ಹಲ್ಲು ಬೀಳುವ ವಯಸ್ಸಿನಲ್ಲಿ ಒಂದು ಮಗುವಿನ ಕೈಗೆ ಪೊರಕೆ, ಇನ್ನೊಂದು ಮಗುವಿನ ಕೈಗೆ ಬ್ಯಾಟ್ ಕೊಟ್ಟವರು ನಾವೇ.

ಹಾಗಾದರೆ ಗಂಡು ಮತ್ತು ಹೆಣ್ಣಿನ ನಡುವೆ ಯಾವ ವ್ಯತ್ಯಾಸವೂ ಇಲ್ಲವೇ? ಇದೆ. ಅದನ್ನು ನಿರಾಕರಿಸುವುದು ನಮ್ಮ ಉದ್ದೇಶವಲ್ಲ. ಶರೀರದ ರಚನೆಯಲ್ಲಿ, ಪ್ರಾಯ ಪ್ರಬುದ್ಧತೆಯ ಹಂತದಲ್ಲಿ, ಉಡುಪಿನ ಮರ್ಯಾದೆಯಲ್ಲಿ, ಕುಟುಂಬದ ಹೊಣೆಗಳಲ್ಲಿ ವ್ಯತ್ಯಾಸವಿದೆ. ಇಸ್ಲಾಮೀ ಶರೀಅತ್ ಕೂಡಾ ಅದನ್ನು ಪರಿಗಣಿಸಿದೆ. ಆದರೆ ಆ ವ್ಯತ್ಯಾಸದ ಸ್ವರೂಪವೇನು ಎಂಬುದನ್ನು ನಾವು ಸರಿಯಾಗಿ ಗ್ರಹಿಸಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಮಗಳ ಎರಡರಷ್ಟು ಪಾಲು (4:11) ಎಂಬುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಪತ್ನಿಯ ಮಹ್ರ್, ಮಕ್ಕಳ ಜೀವನಾಂಶ, ಮನೆಯ ಖರ್ಚು ಇವೆಲ್ಲದರ ಭಾರವನ್ನು ಶರೀಅತ್ ಆತನ ಹೆಗಲ ಮೇಲೆಯೇ ಇರಿಸಿದೆ ಮತ್ತು ಮಗಳ ಪಾಲು ಸಂಪೂರ್ಣವಾಗಿ ಆಕೆಯದ್ದೇ ಎಂಬುದು ಎಷ್ಟು ಮಂದಿಗೆ ನೆನಪಿದೆ? ಕುಟುಂಬದ ಮೇಲ್ವಿಚಾರಕ ಎಂಬ ಸ್ಥಾನವನ್ನು ಪುರುಷನಿಗೆ ನೀಡುವ ವಚನವೇ ಅದರ ಜೊತೆಗೆ ಆತನ ಖರ್ಚಿನ ಹೊಣೆಯನ್ನೂ ಹೇಳುತ್ತದೆ (4:34). ಅಂದರೆ, ಎಲ್ಲೆಲ್ಲಿ ಗಂಡಿಗೆ ಬೇರೆ ಸ್ಥಾನ ಸಿಕ್ಕಿದೆಯೋ ಅಲ್ಲೆಲ್ಲ ಅದರ ತೂಕಕ್ಕೆ ಸಮನಾದ ಹೊರೆಯೂ ಸಿಕ್ಕಿದೆ. ಶರೀಅತ್‌ನಲ್ಲಿರುವುದು ಹೊಣೆಯ ವ್ಯತ್ಯಾಸ. ನಮ್ಮ ಮನೆಗಳಲ್ಲಿರುವುದು ವಿನಾಯಿತಿಯ ವ್ಯತ್ಯಾಸ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಮರ್ಥಿಸುವುದು ಧರ್ಮಕ್ಕೆ ಬಗೆಯುವ ಅನ್ಯಾಯ.

ಲಜ್ಜೆಯ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮ ಪ್ರವಚನಗಳಲ್ಲಿ, ಮನೆಮಾತುಗಳಲ್ಲಿ ‘ಹಯಾ’ ಎಂಬ ಪದ ಬಂದಾಗಲೆಲ್ಲ ಅದರ ಹಿಂದೆ ಹೆಣ್ಣು ಮಗುವಿನ ಚಿತ್ರ ಬರುತ್ತದೆ. ಆದರೆ ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿಯನ್ನು ತಗ್ಗಿಸಿ ಮಾನವನ್ನು ಕಾಪಾಡಿಕೊಳ್ಳಬೇಕೆಂಬ ಆದೇಶ ಮೊದಲು ಬಂದಿರುವುದು ವಿಶ್ವಾಸಿ ಪುರುಷರಿಗೆ (24:30). ಸ್ತ್ರೀಯರಿಗೆ ಆ ಆದೇಶ ಬರುವುದು ಅದರ ನಂತರದ ವಚನದಲ್ಲಿ. ಈ ಕ್ರಮವನ್ನು ಮದ್ರಸಗಳಲ್ಲಿ ಓದಿದವರು ನಾವು. ಆದರೆ ಮನೆಯಲ್ಲಿ ಪಾಲಿಸುವಾಗ ಮೊದಲನೆಯ ವಚನವನ್ನು ಹಾರಿಸಿ ಎರಡನೆಯದರಿಂದ ಆರಂಭಿಸುತ್ತೇವೆ. ಮಗಳ ಶಿರವಸ್ತ್ರದ ಪಿನ್ನು ಸರಿಯಿದೆಯೇ ಎಂದು ನೋಡುವ ತಂದೆ ಮಗನ ಮೊಬೈಲ್‌ನಲ್ಲಿ ಏನಿದೆ ಎಂದು ನೋಡುವುದಿಲ್ಲ.

ವಿದಾಯದ ಹಜ್ಜ್‌ನ ಒಂದು ಪ್ರಸಂಗವನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ಪ್ರವಾದಿ(ಸ)ರ ಸವಾರಿಯಲ್ಲಿ ಅವರ ಹಿಂದೆ ತರುಣ ಫಝ್ಲ್ ಬಿನ್ ಅಬ್ಬಾಸ್(ರ) ಕುಳಿತಿದ್ದರು. ಖಸ್‌ಅಮ್ ಗೋತ್ರದ ಮಹಿಳೆಯೊಬ್ಬರು ತನ್ನ ವೃದ್ಧ ತಂದೆಯ ಪರವಾಗಿ ಹಜ್ಜ್ ನಿರ್ವಹಿಸಬಹುದೇ ಎಂದು ವಿಚಾರಿಸಲು ಬಂದರು. ಫಝ್ಲ್ ಆಕೆಯನ್ನು ನೋಡತೊಡಗಿದರು. ಆಗ ಪ್ರವಾದಿ(ಸ)ರು ಆ ಮಹಿಳೆಯನ್ನು ಹಿಂದಕ್ಕೆ ಕಳುಹಿಸಲಿಲ್ಲ. ಫಝ್ಲ್‌ರ ಮುಖವನ್ನು ಇನ್ನೊಂದು ಬದಿಗೆ ತಿರುಗಿಸಿದರು ಮತ್ತು ಆಕೆಯ ಪ್ರಶ್ನೆಗೆ ಹೌದೆಂದು ಉತ್ತರಿಸಿದರು. ಗಂಡು ಮಕ್ಕಳ ತರಬಿಯತ್ತಿನ ಬಗ್ಗೆ ಬರೆಯಬಹುದಾದ ನೂರು ಪುಟಗಳ ಸಾರ ಈ ಒಂದು ಘಟನೆಯಲ್ಲಿದೆ. ಕಲಿಯಬೇಕಾಗಿದ್ದ ಹೆಣ್ಣಿನ ದಾರಿ ಮುಚ್ಚಲಿಲ್ಲ, ತಿದ್ದಬೇಕಾಗಿದ್ದ ಹುಡುಗನನ್ನು ತಿದ್ದಲಾಯಿತು. ನಾವು ಮಾಡುತ್ತಿರುವುದು ಇದಕ್ಕೆ ತೀರಾ ವಿರುದ್ಧವಾದುದು. ಬಸ್ ನಿಲ್ದಾಣದಲ್ಲಿ ಪೋಕರಿಗಳ ಕಾಟವಿದೆಯೆಂದು ತಿಳಿದೊಡನೆ ಮಗಳ ಕಾಲೇಜು ಬಿಡಿಸುತ್ತೇವೆ. ಆ ಪೋಕರಿಗಳ ಮನೆಯಲ್ಲಿ ಯಾರೂ ಯಾರ ಮುಖವನ್ನೂ ತಿರುಗಿಸುವುದಿಲ್ಲ.

“ಹೊರಗಿನ ವಾತಾವರಣ ಸರಿಯಿಲ್ಲ” ಎಂಬುದು ಹೆಣ್ಣು ಮಕ್ಕಳನ್ನು ಕಟ್ಟಿಹಾಕುವ ಹೆತ್ತವರ ಮುಖ್ಯ ವಾದ. ಈ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ವಾತಾವರಣ ಆಕಾಶದಿಂದ ಇಳಿದು ಬಂದಿಲ್ಲವಲ್ಲ? ಬೀದಿಯಲ್ಲಿ ನಿಂತು ಕೆಟ್ಟ ಮಾತನ್ನಾಡುವವನು ಯಾವುದೋ ಮನೆಯ ಮುದ್ದಿನ ಮಗ. ಎಲ್ಲರೂ ತಮ್ಮ ಹೆಣ್ಣು ಮಕ್ಕಳನ್ನು ಒಳಗಿರಿಸಿ, ಗಂಡು ಮಕ್ಕಳನ್ನು ಲಂಗುಲಗಾಮಿಲ್ಲದೆ ಹೊರಗೆ ಬಿಟ್ಟರೆ ಹೊರಗು ಇನ್ನಷ್ಟು ಕೆಡದೆ ಸರಿಯಾಗುವುದಾದರೂ ಹೇಗೆ? ಮಗಳ ಸುರಕ್ಷಿತತೆಗೆ ನಾವು ಮಾಡಬಹುದಾದ ಅತಿ ದೊಡ್ಡ ಕೆಲಸವೆಂದರೆ ಮಗನನ್ನು ಸರಿಯಾಗಿ ಬೆಳೆಸುವುದು.

ಸಮುದಾಯದ ಮರ್ಯಾದೆಯನ್ನು ನಾವು ಯಾರ ತಲೆಯ ಮೇಲೆ ಇರಿಸಿದ್ದೇವೆ ಎಂಬುದೂ ಇಲ್ಲಿ ಚಿಂತನಾರ್ಹ. 2022ರ ಫೆಬ್ರವರಿ 5ರಂದು ಅಂದಿನ ರಾಜ್ಯ ಸರಕಾರ ಸಮವಸ್ತ್ರದ ಆದೇಶ ಹೊರಡಿಸಿದಾಗ ಕಾಲೇಜಿನ ಗೇಟಿನ ಮುಂದೆ ನಿಂತವರು ಹದಿನಾರು-ಹದಿನೇಳರ ಹುಡುಗಿಯರು. ಮಾರ್ಚ್ 15ರಂದು ಹೈಕೋರ್ಟು ಆ ಆದೇಶವನ್ನು ಎತ್ತಿ ಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ಈ ನಡುವೆ ಕೆಲವರು ಶಿಕ್ಷಣವನ್ನು ಕಳಕೊಂಡರು, ಕೆಲವರು ಕಾಲೇಜು ಬದಲಿಸಿದರು, ಕೆಲವರು ಕಣ್ಣೀರಿನೊಂದಿಗೆ ಪರೀಕ್ಷೆ ಬರೆದರು. ಅದೇ 2022ರ ಮಾರ್ಚ್‌ನಲ್ಲಿ ರಾಯಚೂರಿನ ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿನಿ ಬುಶ್ರಾ ಮತೀನ್ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ 16 ಚಿನ್ನದ ಪದಕಗಳನ್ನು ಪಡೆದರು. 2023ರ ದ್ವಿತೀಯ ಪಿಯುಸಿ ಪರೀಕ್ಷೆಯ ಕಲಾ ವಿಭಾಗದಲ್ಲಿ ಬೆಂಗಳೂರಿನ ತಬಸ್ಸುಮ್ ಶೇಖ್ 600ರಲ್ಲಿ 593 ಅಂಕ ಪಡೆದು ರಾಜ್ಯಕ್ಕೇ ಪ್ರಥಮರಾದರು. ಇಡೀ ಸಮುದಾಯ ಅವರ ಚಿತ್ರಗಳನ್ನು ಹಂಚಿಕೊಂಡು ಹೆಮ್ಮೆಪಟ್ಟಿತು.

ಹೆಮ್ಮೆಪಡೋಣ. ಆದರೆ ಒಂದು ಪ್ರಶ್ನೆ. ಸಮುದಾಯದ ಅಸ್ಮಿತೆಯ ಭಾರ, ಗೌರವದ ಭಾರ, ಸಾಧನೆಯ ಭಾರ ಇವೆಲ್ಲವನ್ನೂ ಹುಡುಗಿಯರೇ ಹೊರುವುದಾದರೆ ಹುಡುಗರ ಪಾಲಿಗೆ ಉಳಿದಿರುವುದೇನು? ಮಗಳು ಒಂದು ತಪ್ಪು ಹೆಜ್ಜೆಯಿಟ್ಟರೆ ಕುಟುಂಬದ ಮಾನ ಹೋಗುತ್ತದೆ, ಅವಳ ತಂಗಿಯರ ಮದುವೆ ನಿಲ್ಲುತ್ತದೆ. ಮಗ ಅದೇ ತಪ್ಪು ಮಾಡಿದರೆ ಅದು ವಯಸ್ಸಿನ ದೋಷ. ಪಾಪಕ್ಕೆ ಲಿಂಗವಿಲ್ಲ ಎಂದು ನಂಬುವ ಸಮುದಾಯದಲ್ಲಿ ಮಾನಕ್ಕೆ ಮಾತ್ರ ಲಿಂಗ ಬಂದುದು ಹೇಗೆ? ಈ ಇಬ್ಬಗೆಯ ಅಳತೆಗೋಲಿನಿಂದ ಬೆಳೆದ ಕೆಲವು ಯುವಕರು, ಬುರ್ಖಾ ಧರಿಸಿದ ಯುವತಿಯನ್ನು ರಸ್ತೆಯಲ್ಲಿ ತಡೆದು, ಜೊತೆಗಿದ್ದವನನ್ನು ಗದರಿಸಿ, ವೀಡಿಯೋ ಚಿತ್ರೀಕರಿಸಿ ಹರಿಯಬಿಟ್ಟು ಬಂಧಿತರಾದ ಪ್ರಕರಣಗಳೂ ನಮ್ಮ ರಾಜ್ಯದಲ್ಲಿ ನಡೆದಿವೆ. ಇತರರು ಮಾಡಿದಾಗ ಅನೈತಿಕ ಪೊಲೀಸ್‌ಗಿರಿ ಎಂದು ಖಂಡಿಸುವ ನಾವು, ನಮ್ಮವರು ಮಾಡಿದಾಗ ಮೌನವಾದರೆ ಅದು ನ್ಯಾಯವಲ್ಲ. ಸ್ವಂತ ಲಜ್ಜೆಯ ಪಾಠ ಕಲಿಯದವನು ಇತರರ ಲಜ್ಜೆಯ ಕಾವಲುಗಾರನಾಗಿ ಹೊರಡುತ್ತಾನೆ. ಆತನನ್ನು ಹಾಗೆ ಬೆಳೆಸಿದವರು ನಾವು.

ಇದರ ಪರಿಣಾಮ ಕೊನೆಗೆ ತಲುಪುವುದು ದಾಂಪತ್ಯಕ್ಕೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಕರ್ನಾಟಕದ ಬಗ್ಗೆ ಹೇಳಿರುವುದನ್ನು ಓದಿ ನಾವು ಬೆಚ್ಚಿಬೀಳಬೇಕಿತ್ತು. ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ಶೇ. 44ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದವರು. ಅದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 21ರ ಆಸುಪಾಸಿನಲ್ಲಿತ್ತು. ಮನೆಯನ್ನು ಕಡೆಗಣಿಸಿದರೆ, ಹೇಳದೆ ಹೊರಹೋದರೆ, ಅಡುಗೆ ಸರಿಯಾಗದಿದ್ದರೆ ಎಂಬಂತಹ ಏಳು ಸಂದರ್ಭಗಳನ್ನು ಮುಂದಿಟ್ಟು, ಇವುಗಳಲ್ಲಿ ಒಂದಕ್ಕಾದರೂ ಪತ್ನಿಗೆ ಹೊಡೆಯುವುದು ಸರಿಯೇ ಎಂದು ಪ್ರಶ್ನಿಸಿದಾಗ ರಾಜ್ಯದ ಶೇ. 81.9 ಪುರುಷರು ಸರಿಯೆಂದರು. ಸ್ತ್ರೀಯರಲ್ಲೂ ಶೇ. 76.9 ಮಂದಿ ಸರಿಯೆಂದರು. ಈ ಅಂಕಿಗಳು ಕೂಡಾ ಯಾವುದೇ ಒಂದು ಸಮುದಾಯದ್ದಲ್ಲ. ಆದ್ದರಿಂದ ನಮ್ಮದಲ್ಲ ಎಂದು ಕೈತೊಳೆದುಕೊಳ್ಳಲೂ ಸಾಧ್ಯವಿಲ್ಲ. ಹೊಡೆಯುವುದು ಸರಿ ಎಂದ ಆ ತಾಯಂದಿರೇ ಮನೆಗಳಲ್ಲಿ ಗಂಡು ಮಕ್ಕಳನ್ನು ಬೆಳೆಸುತ್ತಿದ್ದಾರೆ. ತಂಗಿಯ ಮೇಲೆ ಕೈ ಎತ್ತಿದ ಎಂಟು ವರ್ಷದ ಅಣ್ಣನನ್ನು ನೋಡಿ ನಕ್ಕ ಮನೆ, ಇಪ್ಪತ್ತು ವರ್ಷಗಳ ಬಳಿಕ ಸೊಸೆಯ ತವರಿನವರ ಮುಂದೆ ತಲೆತಗ್ಗಿಸಿ ಕೂರಬೇಕಾಗುತ್ತದೆ. ಜಮಾಅತ್ ಕಚೇರಿಗಳಿಗೆ ಬರುವ ತಲಾಕ್-ಖುಲಾ ಅರ್ಜಿಗಳ ಮೂಲ ಹುಡುಕುವವರು ಇಷ್ಟು ಹಿಂದಕ್ಕೆ ಹೋಗಬೇಕಾಗಿದೆ.

ಇನ್ನೊಂದು ಬಿಕ್ಕಟ್ಟು ಈಗಾಗಲೇ ನಮ್ಮ ಬಾಗಿಲಲ್ಲಿದೆ. 2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದಿಡಲಾದ ಸಾಚಾರ್ ವರದಿಯು, 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕನೇ ಒಂದರಷ್ಟು ಮಂದಿ ಶಾಲೆಗೆ ಹೋಗಿಯೇ ಇಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆಂದು ಹೇಳಿತ್ತು. ಅಂದು ನಮ್ಮ ಚಿಂತೆಯೆಲ್ಲ ಹೆಣ್ಣು ಮಕ್ಕಳದ್ದಾಗಿತ್ತು. ಆ ಬಳಿಕ ನಡೆದ ಶೈಕ್ಷಣಿಕ ಜಾಗೃತಿಯ ಫಲವಾಗಿ ಇಂದು ದೇಶದ ಉನ್ನತ ಶಿಕ್ಷಣದಲ್ಲಿರುವ ಮುಸ್ಲಿಮ್ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಹುಡುಗಿಯರು. ಅಲ್‌ಹಮ್ದುಲಿಲ್ಲಾಹ್. ಆದರೆ ಹುಡುಗನೋ ಪಿಯುಸಿಗೇ ಪುಸ್ತಕ ಕಟ್ಟಿಟ್ಟು ಮೊಬೈಲ್ ಅಂಗಡಿಗೋ ಗ್ಯಾರೇಜಿಗೋ ಸೇರುತ್ತಾನೆ ಅಥವಾ ಪಾಸ್‌ಪೋರ್ಟ್ ಹಿಡಿದು ಕೊಲ್ಲಿ ರಾಷ್ಟ್ರದ ವೀಸಾಕ್ಕೆ ಕಾಯುತ್ತಾನೆ. ದುಡಿಮೆ ಗೌರವದ್ದೇ. ಬಡತನದಿಂದ ಶಾಲೆ ಬಿಟ್ಟವನನ್ನು ನಾವು ದೂಷಿಸುವುದೂ ಇಲ್ಲ. ಆದರೆ ಉಳ್ಳವರ ಮನೆಯ ಹುಡುಗನೂ ಓದಿನಲ್ಲಿ ಆಸಕ್ತಿಯಿಲ್ಲವೆಂಬ ಏಕೈಕ ಕಾರಣದಿಂದ ಶಾಲೆ ಬಿಡುತ್ತಾನಲ್ಲ, ಅದಕ್ಕೇನೆನ್ನಬೇಕು? ಈಗ ಎಂ.ಎ., ಬಿ.ಎಡ್. ಓದಿದ ಮಗಳಿಗೆ ಸರಿಹೊಂದುವ ವರನಿಲ್ಲವೆಂದು ತಂದೆ ಕೊರಗುತ್ತಾನೆ. ಕೆಲವರು ಇದರಿಂದ ಕಲಿತ ಪಾಠವೆಂದರೆ, ಮಗಳನ್ನು ಹೆಚ್ಚು ಓದಿಸಬಾರದೆಂದು! ಕುಂಟುವ ಕಾಲಿಗೆ ಮದ್ದು ಹಚ್ಚುವ ಬದಲು ನೆಟ್ಟಗಿರುವ ಕಾಲನ್ನೂ ಮುರಿಯುವ ಬುದ್ಧಿವಂತಿಕೆ ಇದು. ಮೇಲಾಗಿ, ಓದಿಲ್ಲದ, ಉದ್ಯೋಗವೂ ಗಟ್ಟಿಯಿಲ್ಲದ ಹುಡುಗನ ಕೊರತೆಯನ್ನು ವರದಕ್ಷಿಣೆಯ ಹಣದಿಂದ ತುಂಬಿಸಿಕೊಳ್ಳುವ ನಾಚಿಕೆಗೇಡು ಇನ್ನೂ ನಿಂತಿಲ್ಲ.

ಹೆಣ್ಣು ಮಗುವಿಗೆ ನಾವು ನ್ಯಾಯ ಒದಗಿಸಿದ್ದೇವೆ, ಸಮಸ್ಯೆಯಿರುವುದು ಹುಡುಗರದ್ದು ಮಾತ್ರ ಎಂದೂ ಇದರ ಅರ್ಥವಲ್ಲ. ಕಾವಲು ಮತ್ತು ಪ್ರೀತಿ ಒಂದೇ ಅಲ್ಲ. ಹೆಣ್ಣು ಹುಟ್ಟಿದ ಸುದ್ದಿ ಕೇಳಿ ಮುಖ ಕಪ್ಪಿಟ್ಟು ಜನರಿಂದ ಮರೆಯಾಗುವ ಅಜ್ಞಾನ ಕಾಲದ ತಂದೆಯನ್ನು ಪವಿತ್ರ ಕುರ್‌ಆನ್ ಚಿತ್ರಿಸಿದೆ (16:58-59). ಆಸ್ಪತ್ರೆಯ ಹೆರಿಗೆ ಕೋಣೆಯ ಹೊರಗೆ, ಮೂರನೆಯದ್ದೂ ಹೆಣ್ಣೆಂದು ತಿಳಿದಾಗ ಸಿಹಿ ಹಂಚಲು ಮರೆಯುವ ಅಜ್ಜಿ ಆ ತಂದೆಯ ವಂಶಸ್ಥಳಲ್ಲವೇ? ಹೆಣ್ಣು ಭ್ರೂಣ ಹತ್ಯೆ ನಮ್ಮ ಸಮಸ್ಯೆಯೇ ಅಲ್ಲ ಎಂದು ನಾವು ಎದೆತಟ್ಟಿ ಹೇಳುವುದುಂಟು. ಇತರ ಹಲವರಿಗಿಂತ ನಮ್ಮ ಸ್ಥಿತಿ ಉತ್ತಮವೆಂಬುದು ನಿಜ. ಆದರೆ ದೇಶದ ಮುಸ್ಲಿಮರಲ್ಲಿ ಆರು ವರ್ಷದೊಳಗಿನ ಪ್ರತಿ ಸಾವಿರ ಗಂಡು ಮಕ್ಕಳಿಗೆ 2001ರ ಜನಗಣತಿಯಲ್ಲಿ 950 ಇದ್ದ ಹೆಣ್ಣು ಮಕ್ಕಳ ಸಂಖ್ಯೆ 2011ರಲ್ಲಿ 943ಕ್ಕೆ ಇಳಿದಿತ್ತು. ಜೀವಂತ ಹೂಳಲ್ಪಟ್ಟ ಹೆಣ್ಣು ಮಗುವಿನೊಡನೆ, ಯಾವ ಅಪರಾಧಕ್ಕಾಗಿ ನಿನ್ನನ್ನು ಕೊಲ್ಲಲಾಯಿತೆಂದು ವಿಚಾರಿಸಲಾಗುವ ದಿನವನ್ನು ನಂಬುವ (81:8-9) ಸಮುದಾಯಕ್ಕೆ ಈ ಏಳರ ಕುಸಿತ ಸಣ್ಣದಲ್ಲ.

ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆ ತನ್ನ ಈ ಒಬ್ಬ ಮಗನಿಗೆ ಉಡುಗೊರೆಯೊಂದನ್ನು ಕೊಟ್ಟು, ಪ್ರವಾದಿ(ಸ)ರನ್ನು ಸಾಕ್ಷಿಯಾಗಿಸಲು ಬಂದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂಬುದು ಪ್ರವಾದಿ(ಸ)ರ ಮೊದಲ ಪ್ರಶ್ನೆಯಾಗಿತ್ತು. ಇಲ್ಲವೆಂದಾಗ, ಮಕ್ಕಳ ನಡುವೆ ನ್ಯಾಯ ಪಾಲಿಸುವಂತೆ ಆಜ್ಞಾಪಿಸಿದರು. ಆ ಪ್ರಶ್ನೆಯನ್ನು ಇಂದು ನಮ್ಮ ಮನೆಗಳಲ್ಲಿ ಕೇಳಿದರೆ ಉತ್ತರವೇನಿದ್ದೀತು? ಮೊಬೈಲ್, ಬೈಕು, ಹೊರಗೆ ಹೋಗುವ ಸ್ವಾತಂತ್ರ್ಯ, ತಪ್ಪಿಗೆ ಕ್ಷಮೆ ಇವುಗಳಲ್ಲಿ ಮಗಳಿಗೆ ಪಾಲಿಲ್ಲ. ದುಡಿಮೆ, ಎಚ್ಚರಿಕೆ, ಹೊತ್ತಿಗೆ ಸರಿಯಾಗಿ ಮನೆ ಸೇರುವ ಶಿಸ್ತು ಇವುಗಳಲ್ಲಿ ಮಗನಿಗೆ ಪಾಲಿಲ್ಲ. ಮಗಳು ವಂಚಿತಳಾದುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಮಗ ವಂಚಿತನಾದುದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾಕೆಂದರೆ ಆ ವಂಚನೆ ಮುದ್ದಿನ ರೂಪದಲ್ಲಿದೆ.

ಮಗನನ್ನು ಬೆಳೆಸುವ ಹೊಣೆ ತಾಯಿಯೊಬ್ಬಳದ್ದೇ ಎಂಬ ಭಾವನೆಯೂ ಹೋಗಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ತಂದೆ ಎಂದರೆ ಕೊಲ್ಲಿ ರಾಷ್ಟ್ರದಿಂದ ಬರುವ ಒಂದು ಧ್ವನಿ. ತಿಂಗಳ ಮೊದಲ ವಾರ ಹಣ ಬರುತ್ತದೆ, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಆತ ಬರುತ್ತಾನೆ. ಜೊತೆಗಿರಲಾಗದ ನೋವನ್ನು ತುಂಬಲು ಮಗನಿಗೆ ದುಬಾರಿ ಫೋನು, ಹದಿನೇಳು ತುಂಬುವ ಮೊದಲೇ ಬೈಕು. ತನಗಿಂತ ಎತ್ತರಕ್ಕೆ ಬೆಳೆದ ಮಗನನ್ನು ತಾಯಿ ಒಬ್ಬಳೇ ತಡೆಯಬೇಕೆಂದರೆ ಅದು ಆಕೆಯ ಮೇಲಿನ ದೌರ್ಜನ್ಯ. ಮರಳುಗಾಡಿನಲ್ಲಿ ಬೆವರು ಸುರಿಸುವ ಆ ತಂದೆಯ ತ್ಯಾಗವನ್ನು ನಾವು ಗೌರವಿಸುತ್ತೇವೆ. ಆದರೆ ಊರಲ್ಲೇ ಅಂಗಡಿಯಿಟ್ಟು, ಮಗ ಯಾವ ತರಗತಿಯಲ್ಲಿದ್ದಾನೆಂದು ತಿಳಿಯದ ತಂದೆಯಂದಿರಿಗೆ ಯಾವ ನೆಪವಿದೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಜೈಲು ವಿಧಿಸಬಹುದು. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. ಮಗನ ತಪ್ಪಿಗೆ ತಂದೆ ಉತ್ತರ ಹೇಳಬೇಕೆಂದು ದೇಶದ ಕಾನೂನೇ ಹೇಳುತ್ತಿದೆ. ಮಕ್ಕಳು ಕೆಡಲು ಹೆಚ್ಚಿನ ಸಂದರ್ಭದಲ್ಲಿ ತಂದೆಯಂದಿರ ಅಲಕ್ಷ್ಯವೇ ಕಾರಣವೆಂಬ ಮಾತನ್ನು ಇಬ್ನುಲ್ ಕಯ್ಯಿಮ್ ಅವರು ಹದಿನಾಲ್ಕನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ.

ಹದಿಹರೆಯದ ಮಗನೊಡನೆ ಮಾತನಾಡುವುದು ಹೇಗೆಂದು ತಿಳಿಯದ ತಂದೆಯಂದಿರಿಗೂ ಪ್ರವಾದಿ ಚರ್ಯೆಯಲ್ಲಿ ಮಾದರಿಯಿದೆ. ವ್ಯಭಿಚಾರಕ್ಕೆ ಅನುಮತಿ ಕೊಡಿ ಎಂದು ತರುಣನೊಬ್ಬ ಬಂದು ಕೇಳಿದಾಗ ನೆರೆದವರು ಗದರಿಸಿದರು. ಪ್ರವಾದಿ(ಸ)ರು ಆತನನ್ನು ಹತ್ತಿರ ಕೂರಿಸಿ, ನಿನ್ನ ತಾಯಿಗೆ, ನಿನ್ನ ಮಗಳಿಗೆ, ನಿನ್ನ ಸಹೋದರಿಗೆ ಇದನ್ನು ಇಷ್ಟಪಡುವೆಯಾ ಎಂದು ಒಂದೊಂದಾಗಿ ಕೇಳಿದರು. ಬಳಿಕ ಆತನ ಎದೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮುಸ್ನದ್ ಅಹ್ಮದ್‌ನಲ್ಲಿರುವ ಈ ವರದಿಯನ್ನು ಓದುವಾಗ, ಗದರಿಕೆ ಮತ್ತು ಮೌನ ಇವೆರಡರ ಹೊರತಾಗಿ ಮೂರನೆಯದ್ದೊಂದು ದಾರಿಯಿದೆಯೆಂಬುದು ಮನದಟ್ಟಾಗುತ್ತದೆ. ಇನ್ನು, ಗಂಡು ಅಡುಗೆಮನೆಗೆ ಕಾಲಿಟ್ಟರೆ ಗಂಡಸುತನ ಕಡಿಮೆಯಾಗುತ್ತದೆಂದು ಭಾವಿಸುವವರು, ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗೆ ಹ. ಆಯಿಶಾ(ರ) ಕೊಟ್ಟ ಉತ್ತರವನ್ನು ನೆನಪಿಸಿಕೊಳ್ಳಲಿ. ಅವರು ಮನೆಯವರ ಕೆಲಸಗಳಲ್ಲಿ ನಿರತರಾಗಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು.

ಆದ್ದರಿಂದ ನಮ್ಮ ಮನವಿ ಸರಳವಾದುದು. ಮಗಳಿಗೆ ಮನೆ ಸೇರಲು ಒಂದು ಹೊತ್ತು ಗೊತ್ತುಪಡಿಸಿದ್ದೀರಾದರೆ ಮಗನಿಗೂ ಒಂದು ಹೊತ್ತಿರಲಿ. ಉಂಡ ತಟ್ಟೆಯನ್ನು ಮಗನೂ ತೊಳೆಯಲಿ, ತನ್ನ ಬಟ್ಟೆಯನ್ನು ತಾನೇ ಒಗೆಯಲಿ. ಇದನ್ನು ತಂಗಿಗೆ ಮಾಡುವ ಉಪಕಾರವೆಂದಲ್ಲ, ತನ್ನ ಕರ್ತವ್ಯವೆಂದು ಆತ ಕಲಿಯಲಿ. ಮಗಳ ಗೆಳತಿಯರನ್ನು ತಿಳಿದಿರುವಂತೆಯೇ ಮಗನ ಗೆಳೆಯರನ್ನೂ ತಿಳಿದುಕೊಳ್ಳಿ. ಗಾಂಜಾ ಮತ್ತು ಎಂಡಿಎಂಎ ಮಾರುವವರು ಅವರನ್ನು ತಿಳಿದುಕೊಳ್ಳುವ ಮೊದಲೇ ಆ ಕೆಲಸ ಆಗಬೇಕು. ಮಗಳ ಮೇಲಿನ ಸಂಶಯವನ್ನು ಕಡಿಮೆ ಮಾಡಿ, ವಿಶ್ವಾಸವನ್ನು ಹೆಚ್ಚಿಸಿ. ಆಕೆಯ ಓದು, ಆಕೆಯ ಆಸ್ತಿಯ ಪಾಲು, ಮದುವೆಯಲ್ಲಿ ಆಕೆಯ ಸಮ್ಮತಿ ಇವು ಹೆತ್ತವರ ಔದಾರ್ಯವಲ್ಲ, ಆಕೆಯ ಹಕ್ಕುಗಳು. ಜಮಾಅತ್‌ಗಳು ಹೆಣ್ಣು ಮಕ್ಕಳಿಗಾಗಿ ನಡೆಸುವ ವಿವಾಹಪೂರ್ವ ತರಗತಿಗಳಲ್ಲಿ ಅರ್ಧವನ್ನಾದರೂ ಗಂಡು ಮಕ್ಕಳಿಗೆ ಮೀಸಲಿಡಲಿ. ತಂದೆ ವಿದೇಶದಲ್ಲಿರುವ ಹುಡುಗರ ಮೇಲೆ ಮಾವಂದಿರು, ಚಿಕ್ಕಪ್ಪಂದಿರು, ಮೊಹಲ್ಲಾದ ಹಿರಿಯರು ಒಂದು ಕಣ್ಣಿಡಲಿ. ಶುಕ್ರವಾರದ ಖುತ್ಬಾಗಳಲ್ಲಿ ಹೆಣ್ಣಿನ ಉಡುಪಿನ ಬಗ್ಗೆ ಆಡಿದಷ್ಟು ಮಾತುಗಳನ್ನು ಗಂಡಿನ ನಡತೆಯ ಬಗ್ಗೆಯೂ ಆಡಲಿ. ಎಷ್ಟೆಂದರೂ, ಎದುರಿಗೆ ಕುಳಿತಿರುವವರು ಗಂಡಸರೇ ಅಲ್ಲವೇ?

ಸ್ವತಃ ತಮ್ಮನ್ನೂ ತಮ್ಮ ಮನೆಯವರನ್ನೂ ನರಕಾಗ್ನಿಯಿಂದ ರಕ್ಷಿಸಿಕೊಳ್ಳಬೇಕೆಂದು ಪವಿತ್ರ ಕುರ್‌ಆನ್ ವಿಶ್ವಾಸಿಗಳಿಗೆ ಆದೇಶಿಸಿದೆ (66:6). ಆ ‘ಮನೆಯವರು’ ಎಂಬ ಪದದಲ್ಲಿ ಮಗನೂ ಇದ್ದಾನೆ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಮಗಳನ್ನು ಹೇಗೆ ಕಾದಿರಿ ಎಂದು ಪ್ರಶ್ನಿಸಿದರೆ ನಮ್ಮಲ್ಲಿ ಹೇಳಲು ಬೇಕಾದಷ್ಟಿದೆ. ಮಗನನ್ನು ಹೇಗೆ ಬೆಳೆಸಿದಿರಿ ಎಂಬ ಪ್ರಶ್ನೆಗೆ ‘ಅವನು ಗಂಡು ಹುಡುಗನಲ್ಲವೇ’ ಎಂಬ ಉತ್ತರ ಅಲ್ಲಿ ನಡೆಯದು. ಇಂದು ರಾತ್ರಿ ಮಗ ಮನೆಗೆ ಬಂದಾಗ, ಎಲ್ಲಿದ್ದೆ ಎಂದು ಕೇಳೋಣ. ‘ಇಲ್ಲೇ’ ಎಂದರೆ, ಪಕ್ಕದಲ್ಲಿ ಕೂರಿಸಿ ಇನ್ನೊಮ್ಮೆ ಕೇಳೋಣ.